ಗುಯ್ ಎನ್ನುವ ಕೈ

ಕೋಲಾರದ ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ನಮಸ್ಕಾರವೇ ಬೇರೆ ಥರ. ಬಂದವರು ಆಪರೇಷನ್ ಆದ ಕೈ ಚಾಚುತ್ತಾರೆ, ಪಕ್ಕದವರು ಅದರ ಮೇಲೆ ಬೆರಳಿಟ್ಟು "ಹ್ಞೂ, ಓಡ್ತಾ ಐತೆ" ಎನ್ನುತ್ತಾರೆ. ನನ್ನ ಪಕ್ಕದ ಮಂಚದವಳು ಮುಳಬಾಗಿಲಿನಲ್ಲಿ ಬಳೆ ಅಂಗಡಿ ಇಟ್ಟವಳು. ಅವಳ ಕೈ ಮುಟ್ಟಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಇಬ್ಬರಿಗೂ ಒಂದೇ ವಾರ ಆಪರೇಷನ್ ಆಗಿತ್ತು. ಡಾಕ್ಟರು ಬಿಡಿಸಿ ಹೇಳಿದ್ದರು: ಹೃದಯದಿಂದ ಹೊರಟ ರಕ್ತ ಅಪಧಮನಿಯಲ್ಲಿ ಒತ್ತಡದಿಂದ ನುಗ್ಗುತ್ತದೆ. ಮೈಯೆಲ್ಲ ಸುತ್ತಿ ಅಭಿಧಮನಿಗೆ ಬರುವಷ್ಟರಲ್ಲಿ ಆ ಜೋರು ಇಳಿದುಹೋಗಿರುತ್ತದೆ. ನಿಧಾನದ ಆ ಹರಿವು ಮೆಷಿನ್ನಿಗೆ ಸಾಲದು. ಅದಕ್ಕೇ ಕೈಯಲ್ಲಿ ಎರಡನ್ನೂ ಸೇರಿಸಿ ಹೊಲಿಯುತ್ತಾರೆ. ಅಪಧಮನಿಯ ಜೋರಿಗೆ ಅಭಿಧಮನಿ ಬರಬರುತ್ತಾ ದಪ್ಪಗಾಗುತ್ತದೆ, ಮುಟ್ಟಿದರೆ ಗುಯ್ ಎನ್ನುತ್ತದೆ. ಅಲ್ಲಿಯವರೆಗೂ ಕುತ್ತಿಗೆಗೆ ಹಾಕಿದ ನಳಿಗೆಯೇ ಗತಿ.

ಅವಳದು ಹಗ್ಗದ ಹಾಗೆ ಎದ್ದಿತು. ನಳಿಗೆ ತೆಗೆಸಿಕೊಂಡು ಆರಾಮಾಗಿ ತಲೆಗೆ ನೀರು ಹಾಕಿಕೊಂಡು ಬರತೊಡಗಿದಳು. ನನ್ನದು ಒಂದು ದಿನ ಸಣ್ಣಗೆ ಗುಯ್ ಅಂದರೆ ಇನ್ನೊಂದು ದಿನ ಬೆರಳಿಗೆ ಸಿಗುತ್ತಲೇ ಇರಲಿಲ್ಲ. ಇನ್ನು ಸ್ವಲ್ಪ ದಿನದಲ್ಲಿ ಏಳದಿದ್ದರೆ ಮತ್ತೆ ಕೊಯ್ಯಬೇಕು ಎಂದರು. ಅವಳಷ್ಟೇ ಉಪ್ಪು ಬಿಟ್ಟಿದ್ದೆ, ಅವಳಷ್ಟೇ ರಬ್ಬರ್ ಚೆಂಡು ಹಿಸುಕಿದ್ದೆ. ದೇವರಿಗೆ ಅವಳ ಮುಳಬಾಗಿಲೊಂದೇ ಕಾಣುತ್ತದೆಯೇ, ನಮ್ಮೂರು ಸುಗಟೂರು ಕಾಣುವುದಿಲ್ಲವೇ?

"ಗಂಟುಗಂಟಾಗಿ ಅಸಹ್ಯವಾಗೈತೆ ಕಣೇ ನಿನ್ನ ಕೈ" ಎಂದು ಚುಚ್ಚಿದೆ.

"ಆಪರೇಷನ್ ಕೈಗೆ ಬಳೆ ಬ್ಯಾಡ ಅಂದವ್ರೆ, ಊರೋರ್ಗೆಲ್ಲ ಬಳೆ ತೊಡ್ಸೋಳ್ದೇ ಒಂದು ಕೈ ಬೋಳು. ಇನ್ಯಾಕಕ್ಕ ಅಂದ ಚೆಂದ?" ಎಂದು ನಕ್ಕುಬಿಟ್ಟಳು. ನಗುತ್ತಲೇ ನನ್ನ ಕೈ ಎಳೆದುಕೊಂಡವಳು ಮೊಣಕೈ ಮಡಿಕೆಯನ್ನೇ ನೋಡಿದಳು.

"ಇದೇನಕ್ಕ ಕೆಂಪು ಗೆರೆ?"

"ಹಾಲಿನ ಕ್ಯಾನಿಂದು. ದಿನಾ ಡೈರಿಗೆ ಹೋಗ್ತೀನಲ್ಲ."

"ಈ ಕೈಯಾಗಾ? ತೂಕ ಎತ್ತಬ್ಯಾಡ ಅಂದಿದ್ರಲ್ಲ!"

"ಎಲ್ಲಿ ಎತ್ತಿದೆ? ನೇತಾಕ್ಕೊಂಡೆ, ಅಷ್ಟೆ."

ನಮ್ಮ ಕಡೆ ಎತ್ತುವುದೆಂದರೆ ಹುಲ್ಲಿನ ಹೊರೆಯನ್ನು ತಲೆಗೆ ಎತ್ತುವುದು. ಮೊಣಕೈಗೆ ತೂಗುಬಿಟ್ಟ ಕ್ಯಾನು ಲೆಕ್ಕಕ್ಕೇ ಇಲ್ಲ. ಅವಳು ಸುಮ್ಮನಿರದೆ ಡಾಕ್ಟರನ್ನು ಕೂಗಿ ಕರೆದಳು. ಅವರು ಹಣೆ ಚಚ್ಚಿಕೊಂಡರು.

"ಅಭಿಧಮನಿಯಲ್ಲಿ ಒತ್ತಡ ಕಮ್ಮಿ ಅಮ್ಮಾ. ಅಪಧಮನಿ ಥರ ತಡ್ಕೊಳಲ್ಲ, ಭಾರ ಬಿದ್ರೆ ಅಮುಕಿಹೋಗುತ್ತೆ. ಅದು ಇನ್ನೂ ಗಟ್ಟಿಯಾಗೋ ಮೊದ್ಲೇ ನೀವು ದಿನಾ ಅಮುಕ್ತಾ ಇದ್ದೀರ!"

ಅವಳ ಬಾಯಿಂದ ನನ್ನ ತಪ್ಪು ಹೊರಬಿತ್ತಲ್ಲ ಎಂದು ಮೈಯೆಲ್ಲ ಉರಿಯಿತು. ಆದರೂ ಕ್ಯಾನನ್ನು ಬಲಗೈಗೆ ಬದಲಾಯಿಸಿದೆ. ನಿಧಾನವಾಗಿ ಕೈ ಉಬ್ಬಿತು. ಕೊನೆಗೊಂದು ಬೆಳಿಗ್ಗೆ ಕಿವಿಗಿಟ್ಟುಕೊಂಡರೆ ಜೇನುಗೂಡಿನ ಹಾಗೆ ಗುಯ್ಗುಡುತ್ತಿತ್ತು.

ಕುತ್ತಿಗೆಯ ನಳಿಗೆ ತೆಗೆದ ದಿನ ಬೇಕೆಂದೇ ಮೊದಲು ಅವಳ ಮುಂದೆ ಕೈ ಚಾಚಿದೆ. ಅವಳ ಮುಖ ಸಣ್ಣಗಾಗುವುದನ್ನು ನಾನು ನೋಡಬೇಕಿತ್ತು. ಅವಳು ಬೆರಳಿಟ್ಟಳು, ಕಣ್ಣರಳಿಸಿದಳು.

"ನಂದಕ್ಕಿಂತ ಜೋರು ಕಣಕ್ಕ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿ, ಬೋಳುಗೈಯಲ್ಲಿ ನನ್ನ ಕೆನ್ನೆ ಸವರಿದಳು.

ಇಷ್ಟಾದರೂ ಅವಳ ಮುಖದಲ್ಲಿ ಒಂದಿಷ್ಟೂ ಹೊಟ್ಟೆಕಿಚ್ಚಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.