ಒಂಬತ್ತು ದಿನದ ಚೀಟಿ

ಹೋದ ವಾರ ಹುಬ್ಬಳ್ಳಿಯಿಂದ ಬಂದ ತಂಗಿ ಮಠದ ವಿಭೂತಿಯನ್ನು ಹಳೇ ಪೇಪರಿನಲ್ಲಿ ಕಟ್ಟಿಕೊಂಡು ತಂದಿದ್ದಳು. ಅಂಟಿಲ್ಲ, ದಾರವಿಲ್ಲ, ಬರೀ ಮಡಿಕೆಯಲ್ಲೇ ನಿಂತ ಪೊಟ್ಟಣ. ಬಿಚ್ಚುತ್ತಾ ಕೂತವಳಿಗೆ ಪಕ್ಕದ ಮನೆಯ ಅಕ್ಕೋರ ಬೆರಳುಗಳು ನೆನಪಾದವು...

ಅವರು ಧಾರವಾಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮಗಳ ಜತೆ ಇರಲು ದೇಶ ಬಿಟ್ಟು, ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದರು. ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ ನಾನು ಅಕ್ಕೋರೇ ಅನ್ನುತ್ತಿದ್ದೆ. ಮಂಗಳವಾರ, ಗುರುವಾರ ಟ್ರೇನು ಹಿಡಿದು ಒಂದು ಮ್ಯೂಸಿಯಮ್ಮಿಗೆ ಹೋಗಿ ಸಂಬಳವಿಲ್ಲದ ಕೆಲಸ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರಜ್ಞನೊಬ್ಬ ಕಲ್ಲು, ತೊಗಟೆಗಳಿಂದ ಬಿಡಿಸಿ ಕಾಗದದಲ್ಲಿ ಮಡಚಿಟ್ಟ, ಪಾಚಿಯಂಥ ಹಾವಸೆ ಅಲ್ಲಿ ಪೆಟ್ಟಿಗೆಗಟ್ಟಲೆ ಇತ್ತು. ಪೊಟ್ಟಣ ಬಿಚ್ಚಿ, ಎಲ್ಲಿ, ಯಾವತ್ತು, ಎಂಥ ಹವೆಯಲ್ಲಿ ಸಿಕ್ಕಿತೆಂದು ಆತ ಬರೆದಿಟ್ಟ ಚೀಟಿ ಓದಿ, ಕಂಪ್ಯೂಟರಿಗೆ ಹಾಕಿ, ಮತ್ತೆ ಮೊದಲಿನ ಮಡಿಕೆಗೇ ಮಡಚಬೇಕು.

ಆತನ ಬಗ್ಗೆ ಅಕ್ಕೋರು ಮನೆಯವರ ಬಗ್ಗೆ ಹೇಳುವಂತೆ ಹೇಳುತ್ತಿದ್ದರು. ಹಡಗಿನಲ್ಲಿ ಈ ತೀರಕ್ಕೆ ಬಂದವನು. ವಾರವೆಲ್ಲಾ ಶಾಲೆಯಲ್ಲಿ ಪಾಠ, ಭಾನುವಾರ ಭೂತಗನ್ನಡಿ ಹಿಡಿದು ಇದೇ ಗುಡ್ಡಗಳ ಮೇಲೆ ಮಂಡಿಯೂರಿ ಹುಡುಕಾಟ. ಹೊಸ ಹಾವಸೆ ಸಿಕ್ಕರೆ ಸಮುದ್ರದಾಚೆಯ ಪಂಡಿತರಿಗೆ ಕಳಿಸುವನು. ಅದಕ್ಕೆ ಹೆಸರಿಟ್ಟ ಕೀರ್ತಿ ಅವರದು.

"ಕೊನೀ ಕೊನೀ ಚೀಟಿಯೊಳಗ ಅಕ್ಷರ ದಪ್ಪ ಆಗ್ಯಾವ," ಅಂದಿದ್ದರು ಒಮ್ಮೆ. "ಕಣ್ಣು ಹೋಗಾಕತ್ತಿದ್ದುವು ಪಾಪ. ಆದರೂ ಬಿಟ್ಟಿಲ್ಲ."

ಒಂದು ಗುರುವಾರ ಸಂಜೆ ನಮ್ಮ ಬಾಗಿಲು ಬಡಿದರು. ಚಪ್ಪಲಿ ಸಹ ಬಿಡದೆ ನಿಂತರು. ಅಂದಿನ ಚೀಟಿಯ ಹಿಂಬದಿಯಲ್ಲಿ ಆತ ಬರೆದಿದ್ದನಂತೆ, ಒಂಬತ್ತು ದಿನದಿಂದ ಯಾರ ಜತೆಗೂ ಮಾತಾಡಿಲ್ಲ ಎಂದು. ಮೇಲ್ವಿಚಾರಣೆಯ ಹುಡುಗಿ ಅದನ್ನು ಹಾಕುವುದು ಬೇಡ, ಅದಕ್ಕೆ ಕಾಲಮ್ಮೇ ಇಲ್ಲ ಅಂದಿದ್ದಳು.

"ನೀ ಕಂಪ್ಯೂಟರ್ ಮಂದಿ. ಅದಕ್ಕೊಂದು ಜಾಗಾ ಮಾಡಾಕ ಬರೂದಿಲ್ಲೇನವ್ವಾ?"

"ಅದು ಹಾವಸಿ ಮಾಹಿತಿ ಅಲ್ಲಲ್ರೀ ಅಕ್ಕೋರ..."

"ಅಲ್ಲ," ಅಂದರು. ಬೆರಳು ಮಡಚುತ್ತಾ, "ಮನಿಯೊಳಗ ಎಲ್ಲಾರೂ ಬಿಜಿ. ಮೊಮ್ಮಗಳು ಇಂಗ್ಲಿಷಿನ್ಯಾಗ ಓಕೆ ಅಂತಾಳ. ನಾನೂ ದಿನಾ ಎಣಿಸಾಕತ್ತೀನಿ," ಅಂದರು.

ನನಗೆ ಮೀಟಿಂಗಿತ್ತು. ಹಾಗಂತ ಹೇಳಿದೆ. "ಹೋಗವ್ವಾ, ಕೆಲಸಾ ನೋಡ್ಕೊ," ಎಂದು ಅವರೇ ಬಾಗಿಲು ಎಳೆದುಕೊಂಡು ಹೋದರು. ಆಮೇಲೆ ಎರಡು ಭಾನುವಾರ ಅವರಲ್ಲಿಗೆ ಚಹಾಕ್ಕೆ ಹೋದೆ. ಮೂರನೆಯದಕ್ಕೆ ಹೋಗಲಿಲ್ಲ, ಯಾಕೋ ಈಗ ನೆನಪಿಲ್ಲ...

ಮುಂದಿನ ವಸಂತದಲ್ಲಿ ಅಕ್ಕೋರು ನಿದ್ದೆಯಲ್ಲೇ ಹೋದರು. ಮಾತಾಡಿಸಲು ಬಂದವರೆಲ್ಲ ಮಗಳ ಆಫೀಸಿನವರೇ. ಅವರ ನಡುವೆ ಹೂವು ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ತಾನು ಮ್ಯೂಸಿಯಮ್ಮಿನ ಮೇಲ್ವಿಚಾರಕಿ ಅಂದಳು. ಹೊರಡುವಾಗ, ಪಕ್ಕದ ಮನೆಯವಳು ನಾನೇ ಎಂದು ತಿಳಿದು, ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: "ಒಂಬತ್ತು ದಿನದ ಆ ಸಾಲನ್ನ ಅವರು ಹವಾಮಾನದ ಕಾಲಮ್ಮಿನಲ್ಲಿ ಹಾಕಿಬಿಟ್ಟಿದ್ದರು. ನಾನು ನೋಡಿದೆ. ತೆಗೆಯಬೇಕಿತ್ತು, ತೆಗೀಲಿಲ್ಲ."

ಮೊನ್ನೆ ಪೊಟ್ಟಣ ಬಿಚ್ಚಿದ ಮೇಲೆ ಮ್ಯೂಸಿಯಮ್ಮಿನ ವೆಬ್‌ಸೈಟಿನಲ್ಲಿ ಹುಡುಕಿದೆ. ಇದೆ. ಹಾವಸೆಯ ಹೆಸರು, ಬೆಟ್ಟದ ಹೆಸರು, ತಾರೀಖು. ಹವಾಮಾನದ ಎದುರು, ಒಂಬತ್ತು ದಿನದಿಂದ ಯಾರ ಜತೆಗೂ ಮಾತಾಡಿಲ್ಲ. ಅದನ್ನು ಅಲ್ಲಿಟ್ಟವರ ಹೆಸರು ಎಲ್ಲೂ ಇಲ್ಲ. ಯಾರಿಗಾದರೂ ಹೇಳಬೇಕು ಅನಿಸಿ ಫೋನು ಕೈಗೆತ್ತಿಕೊಂಡೆ. ಇದು ಯಾಕೆ ದೊಡ್ಡ ವಿಷಯ ಅನ್ನುವುದು ಅಕ್ಕೋರೊಬ್ಬರಿಗೆ ಮಾತ್ರ ತಿಳಿಯುತ್ತಿತ್ತು.