ಆಯಿ ಆಡಿದ ಹೆಸರು

ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ನಮ್ಮ ರಾವೂರಲ್ಲಿ ಹೆಸರಿಲ್ಲದ ಹೊಲವೇ ಇರಲಿಲ್ಲ. ಹುಣಸಿಗಿಡದ ಹೊಲ, ಹುತ್ತದ ಹೊಲ, ಎಮ್ಮಿಮಡು. ರೊಟ್ಟಿ ಬುತ್ತಿ ಹೊತ್ತು ಹೊರಟ ಹುಡುಗಿಗೆ 'ಎಮ್ಮಿಮಡುವಿನ ಆಚಿ ಹೋಗು' ಎಂದರೆ ಸಾಕಿತ್ತು. ಈಗ ಎಲ್ಲಕ್ಕೂ ನಂಬರು. ಇರಲಿ, ಯಾರ ಜೊತೆ ಜಗಳಾಡಲಿ? ನನಗೂ ವಯಸ್ಸಾಯಿತು.

ಅದು ಸೀತನಿಯ ಕಾಲ. ಹಸಿ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳನ್ನು ಶೇಂಗಾ ಹಿಂಡಿಯ ಜೊತೆ ಮುಕ್ಕುತ್ತಿದ್ದೆವು. ಆ ಹೊಗೆಯ ವಾಸನೆ ಲಂಗಕ್ಕೆ ಅಂಟಿದರೆ ಒಗೆದರೂ ಬಿಡುತ್ತಿರಲಿಲ್ಲ. ಅಂಥದೊಂದು ಮಧ್ಯಾಹ್ನ ನಾನು ಬದುವಿನ ಮೇಲೆ ಐದು ಕಲ್ಲಿನ ಆಟ ಆಡುತ್ತಿದ್ದಾಗ ಸರ್ಕಾರದ ಮುನಶಿ ಬಂದರು. ನಕ್ಷೆಗಾಗಿ ಹೊಲ, ಹಳ್ಳ, ಬಾವಿಗಳ ಹೆಸರನ್ನೂ ಅವುಗಳ ಅರ್ಥವನ್ನೂ ಬರೆದುಕೊಳ್ಳುವುದು ಅವರ ಕೆಲಸ. ಅಪ್ಪ ಫರಸಿ ಕಲ್ಲಿನ ಬಂಡಿ ಹೊಡೆದುಕೊಂಡು ಶಹಾಬಾದಿಗೆ ಹೋಗಿದ್ದ. ಹಾಗಾಗಿ ಉತ್ತರ ಹೇಳಿದವಳು ಅಪ್ಪನ ತಾಯಿ, ನಮ್ಮ ಆಯಿ.

"ಎಮ್ಮಿಮಡು ಅಂದ್ರ ಏನ್ ಅರ್ಥ, ಅಮ್ಮಾ?"

"ಎಮ್ಮಿ ಬೀಳ್ತಾವ, ಏಳಂಗಿಲ್ಲ. ಮತ್ತೇನ್ ಅರ್ಥ ಬೇಕ್ರಿ ನಿಮಗ?"

ಮುನಶಿ ನಕ್ಕು ಬರೆದುಕೊಂಡರು.

ನಮ್ಮ ಬಾವಿಗೆ ಬಂದಾಗ ನಗು ನಿಂತಿತು. ಆಯಿಯ ಗಂಡ, ನಮ್ಮ ಮುತ್ಯಾ, ಕಲ್ಲು ಒಡೆದು ತೋಡಿದ ಬಾವಿ ಅದು. ತೋಡುವಾಗಲೇ ಕಲ್ಲು ಜಾರಿ ಮೇಲೆ ಬಿದ್ದು ಅದರೊಳಗೇ ತೀರಿಕೊಂಡಿದ್ದ. ಊರೆಲ್ಲ ಅದನ್ನು ಅವನ ಹೆಸರಿನಿಂದಲೇ ಸಂಗಪ್ಪನ ಬಾವಿ ಎನ್ನುತ್ತಿತ್ತು. ಆದರೆ ಮುನಶಿಯ ಜೊತೆ ಬಂದಿದ್ದ ಗೌಡರ ಆಳು, "ಇದು ಗೌಡರ ಬಾವಿ, ಬರ್ಕೋರಿ" ಎಂದುಬಿಟ್ಟ. ಸುತ್ತ ನಿಂತವರು ನೆಲ ನೋಡಿದರು. ಗೌಡರ ಎದುರು ಬಾಯಿ ಬಿಡುವವರು ಯಾರು?

"ಸುಳ್ಳು! ಇದು ಸಂಗಪ್ಪನ ಬಾವಿ!" ಎಂದು ನಾನು ಚೀರಿದೆ.

"ಸಣ್ಣ ಹುಡುಗಿ ಮಾತು ನಡ್ಯಂಗಿಲ್ಲವ್ವ" ಎಂದರು ಮುನಶಿ. " ಮನಿ ಹಿರ್ಯಾರು ಹೇಳಬೇಕು. ಅಮ್ಮಾ, ಯಾರ ಬಾವಿ ಇದು?"

"ಅವರದ್ರಿ" ಎಂದಳು ಆಯಿ.

"ಅವರಂದ್ರ?"

"ಇಕಿ ಮುತ್ಯಾಂದು."

"ಹೆಸರ ಬೇಕಮ್ಮಾ."

ಆಯಿ ಸೆರಗನ್ನು ಹಲ್ಲಲ್ಲಿ ಕಚ್ಚಿದಳು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದ ಕಾಲ. ನನ್ನ ತಮ್ಮನಿಗೆ ಮುತ್ಯಾನದೇ ಹೆಸರು. ಆಯಿ ಅವನನ್ನೂ ಹೆಸರು ಹಿಡಿದು ಕರೆಯದೆ ಅಪ್ಪಿ ಎನ್ನುತ್ತಿದ್ದಳು. ಅವ್ವನೂ ಮಾವನ ಹೆಸರು ಹೇಳುವಂತಿರಲಿಲ್ಲ.

"ಹೇಳ್ರಿ ಅತ್ತಿ, ಅಲ್ಲಿ ಗೌಡರ ಹೆಸರ ಬರಿಲಿಕತ್ತಾರ" ಎಂದು ಅವ್ವ ಪಿಸುಗುಟ್ಟಿದಳು. "ಮಾವನವರು ಹೋಗಿ ಎಷ್ಟ್ ವರ್ಷಾತು. ಇನ್ನೇನ್ ಹೆದರಿಕಿ?"

"ಅವರು ಹೋದ್ರಂತ ನನ್ನ ಮರ್ಯಾದಿನೂ ಹೋಗ್ತದೇನ?"

ಆದರೂ ಆಯಿ ಎದ್ದಳು. ಬಾವಿಯ ದಂಡೆಗೆ ಹೋಗಿ ಕಲ್ಲಿನ ಮೇಲೆ ಕೈಯೂರಿ, ಮುನಶಿಯ ಕಡೆ ನೋಡದೆ, ಕೆಳಗಿನ ನೀರಿಗೆ ಹೇಳಿದಳು.

"ಸಂಗಪ್ಪ. ಸಂಗಪ್ಪನ ಬಾವಿ. ಬರ್ಕೋರಿ."

ಮುನಶಿ ಗೀಚಿ ತಿದ್ದಿದರು. ರೂಢಿಯಂತೆ, "ಅರ್ಥ?" ಎಂದರು.

"ಇದರಾಗ ಅವರ ಜೀವ ಅದ. ಅದೇ ಅರ್ಥ."

ಅವರೆಲ್ಲ ಹೋದ ಮೇಲೆ ಆಯಿ ಕೊಡ ನೀರು ಸೇದಿ ಬಾಯಿ ಮುಕ್ಕಳಿಸಿದಳು, ಹಣೆಗೆ ವಿಭೂತಿ ಹಚ್ಚಿಕೊಂಡಳು. ಸೀತನಿ ಕೊಡಹೋದರೆ ಬೇಡವೆಂದಳು. ಮುತ್ಯಾ ಸತ್ತದ್ದು ಅವತ್ತೇ ಏನೋ ಎಂಬಂತೆ ಕೂತಿದ್ದಳು. ನನಗೆ ಅಳು ಬಂತು. ಆ ಹೆಸರನ್ನು ಅವಳು ಮತ್ತೆಂದೂ ಆಡಲಿಲ್ಲ.

ಈಗ ಆ ಬಾವಿ ಇಲ್ಲ. ಕಲ್ಲಿನ ಗಣಿ ಹೊಲ, ಬದು, ಎಮ್ಮಿಮಡು ಎಲ್ಲವನ್ನೂ ನುಂಗಿತು. ನನ್ನ ಸೊಸೆಯರು ಗಂಡಂದಿರನ್ನು ಹೆಸರು ಹಿಡಿದೇ ಕೂಗುತ್ತಾರೆ, ಯಾರ ಆಯುಷ್ಯವೂ ಕಡಿಮೆಯಾಗಿಲ್ಲ, ನನಗೇನೂ ಬೇಸರವಿಲ್ಲ. ಆದರೆ ಆಯಿ ಜೀವಮಾನದಲ್ಲಿ ಒಮ್ಮೆ ಆಡಿದ ಹೆಸರನ್ನು ನಾನು ಮೊಮ್ಮಕ್ಕಳಿಗೆ ದಿನಾ ಹೇಳುತ್ತೇನೆ. ಅವರು ದಿನಾ ಕೇಳುತ್ತಾರೆ: "ಯಾವ ಸಂಗಪ್ಪ, ಆಯಿ?"

ಹೇಳಿ ಹೇಳಿ ಸಾಕಾಗಿದೆ.