ಮಣ್ಣಿನಲ್ಲಿ ಬರೆದ ಬ್ಯಾಡ

ಎಪ್ಪತ್ತರ ದಶಕದಲ್ಲಿ ನಾನು ವಿಲೆ ಪಾರ್ಲೆಯಿಂದ ಲೋಕಲ್ ರೈಲು ಹಿಡಿದು ಬೊರಿವಲಿಯ ಒಂದು ಕನ್ನಡ ಶಾಲೆಗೆ ಇತಿಹಾಸ ಕಲಿಸಲು ಹೋಗುತ್ತಿದ್ದೆ. ಎಂಟನೆಯ ತರಗತಿಯ ಪುಸ್ತಕದಲ್ಲಿ ಸುಮೇರಿಯನ್ನರ ಲಿಪಿಯ ಬಗ್ಗೆ ಇದ್ದದ್ದು ಒಂದೇ ವಾಕ್ಯ. ನನಗೆ ಅದು ಸಾಲಲಿಲ್ಲ. ಗಣಪತಿ ಮಾಡುವವರ ಹತ್ತಿರ ಜೇಡಿಮಣ್ಣು ತಂದು, ಚಪ್ಪಟೆಯಾಗಿ ತಟ್ಟಿ ಮಕ್ಕಳ ಕೈಗೆ ಕೊಟ್ಟೆ.

ಸುಮೇರಿಯನ್ನರು ಮೊದಲು ಕುರಿಗೆ, ಧಾನ್ಯಕ್ಕೆ ಬೇರೆಬೇರೆ ಮಣ್ಣಿನ ಬಿಲ್ಲೆ ಇಟ್ಟು ಲೆಕ್ಕ ಹಿಡಿದರು, ಆಮೇಲೆ ಹಸಿಮಣ್ಣಿನಲ್ಲಿ ಚಿತ್ರ ಗೀರಿದರು. ಗೀರುವುದಕ್ಕಿಂತ ಜೊಂಡಿನ ಕಡ್ಡಿಯ ತುದಿ ಒತ್ತುವುದು ಸಲೀಸೆಂದು ತಿಳಿದ ಮೇಲೆ ಚಿತ್ರಗಳೆಲ್ಲ ಬೆಣೆಯಂಥ ಗುರುತುಗಳಾದವು. ಅವರ ಮಾತಿನಲ್ಲಿ ಬಾಣಕ್ಕೂ ಜೀವಕ್ಕೂ 'ತಿ' ಎಂಬ ಒಂದೇ ಸದ್ದು. ಜೀವದ ಚಿತ್ರ ಬರೆಯುವುದು ಹೇಗೆ? ಬಾಣ ಬರೆದು ಜೀವವೆಂದು ಓದಿದರು.

"ನಮ್ಮ ಕನ್ನಡದಾಗ ಅಂಥಾದ್ದೊಂದು ಹುಡುಕ್ರಿ ನೋಡೋಣು" ಎಂದೆ.

ಹಿಂದಿನ ಬೆಂಚಿನ ಹುಡುಗಿ, ಬಿಜಾಪುರದ ಕಡೆಯಿಂದ ಬಂದು ಗೋಡೆ ಕಟ್ಟುತ್ತಿದ್ದ ಗೌಂಡಿಯ ಮಗಳು, ಬಿಲ್ಲು ಹಿಡಿದ ಮನುಷ್ಯನನ್ನು ಗೀರಿ ತಂದಳು.

"ಇಂವ ಬ್ಯಾಡ್ರಿ ಟೀಚರ್, ಬ್ಯಾಟಿ ಆಡಾಂವ. ಆದ್ರ ಓದೂದು, 'ನನಗ ಬ್ಯಾಡ' ಅಂತ."

ನಾನು ಹಿಗ್ಗಿಹೋದೆ. "ಏನ್ ಬ್ಯಾಡವಾ ನಿನಗ?"

"ಲಗ್ನ."

ತರಗತಿ ನಕ್ಕಿತು. ಅವಳು ನಗಲಿಲ್ಲ. ದೀಪಾವಳಿಯಾದ ಮೇಲೆ ಊರಿನಲ್ಲಿ ಸೋದರಮಾವನಿಗೆ ಅವಳನ್ನು ಕೊಡುವುದೆಂದು ನಿಶ್ಚಯವಾಗಿತ್ತು.

ಕೆಲವೇ ದಿನಗಳಲ್ಲಿ ತಂದೆ ಅವಳನ್ನು ಶಾಲೆ ಬಿಡಿಸಲು ಬಂದ. ಇನ್ನೂ ಚಿಕ್ಕವಳು, ಎಸ್ಸೆಸ್ಸಿಯಾದರೂ ಮುಗಿಸಲಿ ಎಂದು ಹೆಡ್‌ಮಾಸ್ತರರ ಎದುರಿಗೇ ಬೇಡಿಕೊಂಡೆ.

"ಅಕ್ಕೋರ, ಇಕಿ ಮೊದಲ ಹಿಂಗ ಎದುರ ಮಾತಾಡ್ತಿದ್ದಿಲ್ರಿ" ಎಂದ ತಂದೆ. "ಮಣ್ಣಾಗ ಏನ್ ಬರೆಸಿದ್ರಿ ನೀವು?"

ಹೆಡ್‌ಮಾಸ್ತರರು ನನ್ನತ್ತ ತಿರುಗಿದರು. "ನೋಡ್ರಿ ಬಾಯಾರ, ಪೋರ್ಶನ್ ಮುಗಸೂದು ನಿಮ್ಮ ಕೆಲಸ. ಮಂದಿ ಮನಿ ಲಗ್ನ ಮುರಿಯೂದಲ್ಲ."

ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಟೀಚರ್ ಹೇಳಿದರೆ ನಡೆಯುತ್ತದೆಂದು ನಂಬಿದ್ದಳೋ ಏನೋ. ಅಪ್ಪನ ಹಿಂದೆ ಮೆಟ್ಟಿಲಿಳಿದು ಹೋದಳು. ಸಂಜೆ ಶಾಲೆಯ ಸಿಪಾಯಿ ಮಕ್ಕಳು ಬರೆದ ಆ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಗಟಾರಕ್ಕೆ ಸುರಿದ. ಆ ತಂದೆಯ ಮೇಲಿನ ಸಿಟ್ಟು ಎಂದೋ ಇಳಿಯಿತು. ಓದಿಕೊಂಡಿದ್ದ ಹೆಡ್‌ಮಾಸ್ತರರ ಮೇಲಿನದು ಇಳಿದಿಲ್ಲ.

ಮರುವರ್ಷ ಅವಳ ತಂಗಿ ನನ್ನ ತರಗತಿಗೆ ಬಂದಳು. ಅಕ್ಕ ಹೇಗಿದ್ದಾಳೆಂದು ಕೇಳಿದೆ.

"ಅಕಿ ಸುದ್ದಿ ನಿಮ್ಮ ಮುಂದ ತಗೀಬಾರದಂತ ಹೇಳ್ಯಾರ್ರಿ ಮನ್ಯಾಗ" ಎಂದು ತಲೆ ತಗ್ಗಿಸಿದಳು.